ಸೂಪರ್ ಮಾರ್ಕೆಟ್ ಕಡೆಯ ಬೇಳೆ ಅಂಗಡಿ: ದರ ಹೆಚ್ಚು, ಗಿರಾಕಿಯೂ ಹೆಚ್ಚು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಓಣಿಯೊಂದರಲ್ಲಿ ಬೇಳೆಕಾಳು ಮಾತ್ರ ಮಾರುವ ಈ ಚಿಕ್ಕ ಅಂಗಡಿಗೆ ನಾನು ಬಹಳ ವರ್ಷಗಳ ಗಿರಾಕಿ. ತೊಗರಿ ಬೇಳೆ ಇಲ್ಲಿ ಬೇರೆ ಕಿರಾಣಿ ಅಂಗಡಿಗಳಿಗಿಂತ ಕಿಲೋಗೆ ಹತ್ತು ಹದಿನೈದು ರೂಪಾಯಿ ತುಟ್ಟಿ. ಆದರೂ ಸಂಜೆ ಹೊತ್ತು ಸರದಿಯಲ್ಲಿ ನಿಲ್ಲಬೇಕು. ದರ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ಪಿಯುಸಿ ಮಕ್ಕಳಿಗೆ ಪಾಠ ಹೇಳುವ ನನಗೆ, ಆ ನಿಯಮಕ್ಕೆ ಅಂಟಿಕೊಂಡಿರುವ 'ಇತರ ಅಂಶಗಳು ಬದಲಾಗದಿದ್ದರೆ' ಎಂಬ ಷರತ್ತಿನ ತೂಕ ತಿಳಿದದ್ದು ಆ ಸರದಿಯಲ್ಲೇ.

ಆ ಇತರ ಅಂಶಗಳಲ್ಲಿ ಮೊದಲನೆಯದು ರುಚಿ. ಎಣ್ಣೆ ಹಚ್ಚಿ ಹೊಳಪು ಕೊಡದ ಇಲ್ಲಿಯ ಬೇಳೆ ನೋಡಲು ಮಂಕಾಗಿದ್ದರೂ, ಅಂಗೈಯಲ್ಲಿ ತಿಕ್ಕಿದರೆ ಜಿಡ್ಡು ಹತ್ತುವುದಿಲ್ಲ, ಕುಕ್ಕರಿನ ಮೂರು ಸೀಟಿಗೆ ಬೆಣ್ಣೆಯಂತೆ ಬೇಯುತ್ತದೆ. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯನ್ನು 2019ರಲ್ಲಿ ಪಡೆದ ನಮ್ಮ ತೊಗರಿಯ ರುಚಿ ಹತ್ತಿದವರು ಹತ್ತು ರೂಪಾಯಿಗಾಗಿ ಅಂಗಡಿ ಬದಲಿಸುವುದಿಲ್ಲ.

ಹಾಗೆಂದು ಈ ನಿಷ್ಠೆಗೆ ಮಿತಿಯಿಲ್ಲವೆಂದಲ್ಲ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ನಮ್ಮ ಮನೆಯ ಸಾರಿನಲ್ಲೇ ಅರ್ಧ ಹೆಸರು ಬೇಳೆ ಸೇರಿತ್ತು. ಅಂಗಡಿಯವರು ಇದನ್ನು ಚೆನ್ನಾಗಿ ಬಲ್ಲರು: ತೊಗರಿ ತುಟ್ಟಿಯಾದ ದಿನಗಳಲ್ಲಿ ಹೆಸರು, ಮಸೂರ ಬೇಳೆಯ ಚೀಲಗಳು ಮುಂದಕ್ಕೆ ಬರುತ್ತವೆ, ಪಾವ್ ಕಿಲೋ ಕೇಳಿದವರಿಗೂ ಮುಖ ಸಿಂಡರಿಸದೆ ತೂಗಿಕೊಡುತ್ತಾರೆ. ಕೂಲಿ ಕೈಗೆ ಬಂದ ದಿನ ಪಾವ್ ಕಿಲೋದವರೇ ಒಂದು ಕಿಲೋ ಒಯ್ಯುವುದನ್ನು ಕಂಡಿದ್ದೇನೆ. ದರ ಅದೇ ಇದ್ದು ಆದಾಯ ಹೆಚ್ಚಿದರೆ ಬೇಡಿಕೆಯ ರೇಖೆ ಬಲಕ್ಕೆ ಸರಿಯುತ್ತದೆ, ಅಂದರೆ ಅದೇ ದರಕ್ಕೆ ಜನ ಹೆಚ್ಚು ಕೊಳ್ಳುತ್ತಾರೆ ಎಂದು ಕರಿಹಲಗೆಯ ಮೇಲೆ ಬರೆಯುವಾಗ ನನ್ನ ಕಣ್ಣ ಮುಂದೆ ಬರುವವರು ಅವರೇ. ಬೇಳೆ ಹಾಕಿ ಮಾಡುವ ಪುಂಡಿ ಪಲ್ಯದ ಸೊಪ್ಪು ಅಗ್ಗವಾದಾಗ ಬೇಳೆಯೂ ಹೆಚ್ಚು ಖರ್ಚಾಗುತ್ತದೆ, ಅದು ಬೇರೆ ಮಾತು.

ನನ್ನ ತಕರಾರು ಒಂದೇ. ದರ ಮತ್ತೆ ಏರಲಿದೆಯೆಂಬ ಗಾಳಿಮಾತಿಗೆ ಜನ ಐದೈದು ಕಿಲೋ ಕೇಳಲು ಮುಗಿಬಿದ್ದ ಒಂದು ಸಂಜೆ, ಸರದಿ ಅರ್ಧ ಕರಗುವಷ್ಟರಲ್ಲಿ ಹಳೆಯ ದಾಸ್ತಾನಿಗೇ ಎಂಟು ರೂಪಾಯಿ ಏರಿಸಿದರು. "ಸಾವ್ಕಾರ್ರ, ಮುಂದಿನವ್ರಿಗಿ ಒಂದ್ ರೇಟ್, ಹಿಂದಿನವ್ರಿಗಿ ಒಂದ್ ರೇಟ್ ಏನ್ರೀ?" ಎಂದು ನನ್ನ ಹಿಂದಿದ್ದ ಅಜ್ಜಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅಜ್ಜಿ ಚೀಲ ಮಡಚಿಕೊಂಡು ಹೊರಟರು; ನಾನು ಐದರ ಬದಲು ಎರಡು ಕಿಲೋ ತಂದೆ. ದರಪಟ್ಟಿ ಈಗಲೂ ಗಲ್ಲಾಪೆಟ್ಟಿಗೆಯ ಹಿಂದೆಯೇ ತೂಗುತ್ತಿದೆ. ಸರದಿಯಲ್ಲಿ ನಿಂತವರಿಗೆ ಕಾಣುವಂತೆ ಅದನ್ನು ಬಾಗಿಲಿಗೆ ಹಾಕಬೇಕು.