ಮೈಸೂರಿನ ಲ್ಯಾಬೊಂದರ ‘ಮಹಿಳಾ ಕ್ಯಾನ್ಸರ್ ಪ್ಯಾಕೇಜ್’: ಸೇವೆ ಚೆನ್ನ, ಭರವಸೆ ಅತಿ

ನಮ್ಮ ಅಕ್ಕನಿಗೆ ಮೈಸೂರಿನ ಖಾಸಗಿ ಲ್ಯಾಬೊಂದರಿಂದ ಈ ರಕ್ತಪರೀಕ್ಷೆ ಮಾಡಿಸಿದೆವು. ಮನೆಗೇ ಬಂದ ಸಿಬ್ಬಂದಿ ನೋವಾಗದಂತೆ ರಕ್ತ ತೆಗೆದು, ಕೊಳವೆಯ ಮೇಲೆ ಬರೆದ ಹೆಸರು, ವಯಸ್ಸನ್ನು ಅಕ್ಕನಿಗೇ ತೋರಿಸಿ ಖಚಿತಪಡಿಸಿಕೊಂಡರು. ವರದಿಯೂ ಹೇಳಿದ ಹೊತ್ತಿಗೆ ಬಂತು.

ನನ್ನ ಆಕ್ಷೇಪವಿರುವುದು ಈ ಪ್ಯಾಕೇಜನ್ನು ‘ಸಂಪೂರ್ಣ’ ಎನ್ನುವ ಜಾಹೀರಾತಿನ ಬಗ್ಗೆ. ಪ್ಯಾಕೇಜಿನಲ್ಲಿದ್ದ ಕ್ಯಾನ್ಸರ್ ಸೂಚಕ ಸಿಎ-125 ಒಂದೇ; ಅಂಡಾಶಯದ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಹೆಚ್ಚಾಗಬಹುದಾದ ಪ್ರೋಟೀನ್ ಅದು. ಮಿಲಿಲೀಟರಿಗೆ 35 ಯೂನಿಟ್ ಮೀರಿದರೆ ‘ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಮುದ್ರಿಸುವ ಆ ವರದಿಯಲ್ಲಿ, ಮುಟ್ಟು, ಗರ್ಭಕೋಶದ ಗಡ್ಡೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ)‌ಗಳಿಂದಲೂ ಅದು ಏರಬಹುದೆಂಬ, ಅಂಡಾಶಯದ ಕ್ಯಾನ್ಸರಿನ ಮೊದಲ ಹಂತದಲ್ಲಿರುವ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಏರದೆಯೂ ಇರಬಹುದೆಂಬ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು, 2021ರಲ್ಲಿ ಅಂತಿಮ ಫಲಿತಾಂಶ ಹೊರಬಂದ ಅಧ್ಯಯನದಲ್ಲಿ ಇಂಥ ತಪಾಸಣೆಯಿಂದ ಅಂಡಾಶಯದ ಕ್ಯಾನ್ಸರಿನ ಸಾವುಗಳು ಕಡಿಮೆಯಾಗಲಿಲ್ಲ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗಂತೂ ಗರ್ಭಕಂಠದ ಕೋಶಗಳನ್ನು ನೋಡುವ ಪ್ಯಾಪ್ ಅಥವಾ ಆ ಕ್ಯಾನ್ಸರಿಗೆ ಕಾರಣವಾಗುವ ವೈರಾಣುವನ್ನು ಹುಡುಕುವ ಎಚ್‌ಪಿವಿಯಂಥ ಬೇರೆ ಪರೀಕ್ಷೆಯೇ ಬೇಕು. ಹೀಗಿರುವಾಗ ಇದನ್ನು ‘ಸಂಪೂರ್ಣ’ ಎಂದು ಮಾರುವುದು ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹೊಟ್ಟೆಯುಬ್ಬರ ವಾರಗಟ್ಟಲೆ ಬಿಡದಿದ್ದರೆ, ಇಲ್ಲವೇ ತಾಯಿಗೋ ಅಕ್ಕತಂಗಿಯರಿಗೋ ಅಂಡಾಶಯ ಅಥವಾ ಸ್ತನದ ಕ್ಯಾನ್ಸರ್ ಬಂದಿದ್ದರೆ, ಮೊದಲು ಚೆಲುವಾಂಬ ಆಸ್ಪತ್ರೆಯಲ್ಲೋ ನಿಮಗೆ ಹತ್ತಿರವಿರುವಲ್ಲೋ ಸ್ತ್ರೀರೋಗ ತಜ್ಞರನ್ನು ಕಾಣಿರಿ; ಅವರು ಬರೆದುಕೊಟ್ಟ ಮೇಲೆ ಈ ಲ್ಯಾಬಿಗೆ ಧೈರ್ಯವಾಗಿ ರಕ್ತ ಕೊಡಬಹುದು.