ಎರೆ ಹೊಲಕ್ಕೂ ಹೆದ್ದಾರಿಗೂ ಒಂದೇ ಟೈರು ಸಾಕೇ? ಎಚ್‌ಟಿ, ಎಟಿ, ಎಂಟಿ ಹೋಲಿಕೆ

ದಾವಣಗೆರೆ ಸುತ್ತ ಮಳೆಗಾಲದಲ್ಲಿ ಗಾಡಿ ಓಡಿಸುವವರಿಗೆ ಹತ್ತು ಕಿಲೋಮೀಟರಿನೊಳಗೆ ನಾಲ್ಕು ಥರದ ನೆಲ ಸಿಗುತ್ತದೆ. ಹೆದ್ದಾರಿ 48ರ ಡಾಂಬರು, ಮೆಕ್ಕೆಜೋಳ ಹರವಿದ ಸರ್ವಿಸ್ ರಸ್ತೆ, ಭದ್ರಾ ಚಾನಲ್ಲಿನ ಏರಿ ಮೇಲಿನ ಗರಸು, ಕೊನೆಯ ಅರ್ಧ ಕಿಲೋಮೀಟರ್ ಎರೆ ಹೊಲದ ಬಂಡಿ ಜಾಡು. ಟೈರಿನ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದರೆ 'ಎಟಿ ಹಾಕ್ಸಿ ಸಾರ್, ಎಲ್ಲದಕ್ಕೂ ಆಗುತ್ತೆ' ಎಂಬ ಉತ್ತರ ತಯಾರಿರುತ್ತದೆ. ಎಲ್ಲದಕ್ಕೂ ಆಗುವ ಟೈರು ಇಲ್ಲ. ಯಾವುದು ಎಲ್ಲಿ ಕೈಕೊಡುತ್ತದೆ ಎಂದು ತಿಳಿದು ಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಹೋಲಿಸಿದ್ದು ಒಂದೇ ಬೊಲೆರೊದಲ್ಲಿ. ಹಿಂದಿನ ಗಾಲಿಗಳಿಗೆ ಮಾತ್ರ ಎಳೆತ, ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇಲ್ಲ. ಮೂರು ಸೆಟ್ಟೂ 215/75 ಆರ್15 ಅಳತೆಯವು, ತಣ್ಣಗಿದ್ದಾಗ 32 ಪಿಎಸ್‌ಐ ಗಾಳಿ. ಎಚ್‌ಟಿ (ಹೈವೇ ಟೆರೇನ್) ಎಂದರೆ ಉದ್ದುದ್ದ ಗೀರುಗಳ ರಸ್ತೆ ಟೈರು. ಎಟಿಯಲ್ಲಿ (ಆಲ್ ಟೆರೇನ್) ಗೀರುಗಳನ್ನು ಅಡ್ಡ ಕತ್ತರಿಸಿ ಬ್ಲಾಕ್ ಮಾಡಿರುತ್ತಾರೆ, ಭುಜದ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಎಂಟಿ (ಮಡ್ ಟೆರೇನ್) ಎಂದರೆ ಟ್ರ್ಯಾಕ್ಟರ್ ಗಾಲಿಯ ತಮ್ಮ: ದಪ್ಪ ದಪ್ಪ ಹಲ್ಲು, ನಡುವೆ ಬೆರಳು ತೂರುವಷ್ಟು ಸಂದು.

ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವ 'ಎಂ+ಎಸ್' ಗುರುತಿನ ವಿಚಾರ. ಎಂ ಅಂದರೆ ಮಡ್, ಎಸ್ ಅಂದರೆ ಸ್ನೋ. ಗೀರಿನ ವಿನ್ಯಾಸ ನೋಡಿ ಕಂಪನಿಯೇ ಹಾಕಿಕೊಳ್ಳುವ ಗುರುತು ಅದು, ಪರೀಕ್ಷೆ ಪಾಸಾದ ಮುದ್ರೆಯಲ್ಲ. ಹಿಮದ ಮೇಲೆ ಎಳೆತದ ಪರೀಕ್ಷೆ ಮಾಡಿ ಕೊಡುವ ಗುರುತೇ ಬೇರೆ: ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು. ಮನಾಲಿ ಕಡೆ ಚಳಿಗಾಲದಲ್ಲಿ ಹೊರಟವರು ಅದನ್ನು ನೋಡಬೇಕು. ಮಾಮೂಲಿ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಬಿರುಸಾಗಿ ಹಿಡಿತ ಬಿಡುತ್ತದೆ. ನಮ್ಮ ಡಿಸೆಂಬರ್ ಮುಂಜಾವಿಗೆ ಆ ಭಯವಿಲ್ಲ. ಚಳಿಗಾಲದ ಮೆತ್ತನೆ ರಬ್ಬರನ್ನು ಇಲ್ಲಿ ಹಾಕಿಸಿದರೆ ಚಿತ್ರದುರ್ಗದ ಏಪ್ರಿಲ್ ಬಿಸಿಲೇ ಅದನ್ನು ತಿಂದುಹಾಕುತ್ತದೆ.

ಹಿಮದಲ್ಲಿ ಗೆದ್ದ ಟೈರು ಎರೆಯಲ್ಲೂ ಗೆಲ್ಲುತ್ತದೆ ಅನ್ನುವುದು ದೊಡ್ಡ ತಪ್ಪು ಲೆಕ್ಕ. ಹಿಮ ಟೈರಿನ ಸಂದಿಯಲ್ಲಿ ಕೂತರೆ ಒಳ್ಳೆಯದೇ, ಹಿಮಕ್ಕೆ ಹಿಮ ಕಚ್ಚಿಕೊಳ್ಳುತ್ತದೆ. ಅದಕ್ಕೇ ಆ ಟೈರುಗಳಲ್ಲಿ ಕೂದಲೆಳೆಯಂಥ ಸಣ್ಣ ಸೀಳುಗಳು ನೂರಾರು. ಎರೆ ಮಣ್ಣು ಸಂದಿಯಲ್ಲಿ ಕೂತರೆ ಕಥೆ ಮುಗಿಯಿತು. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ (ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದೂ ಅದೇ ಗುಣದಿಂದ), ಅಂಟಿಕೊಳ್ಳುತ್ತದೆ, ಆದರೆ ತನ್ನ ಮೇಲೆ ತಾನೇ ಜಾರುತ್ತದೆ. ಗೀರು ತುಂಬಿದ ಟೈರು ಬೋಳು ಟೈರಿಗೆ ಸಮ. ಹಾಗಾಗಿ ಇಲ್ಲಿ ಕೇಳಬೇಕಾದ್ದು ಒಂದೇ: ಸಂದಿಗೆ ತುಂಬಿದ ಮಣ್ಣನ್ನು ಈ ಟೈರು ಉಗುಳುತ್ತದೋ ಇಲ್ಲವೋ?

ಎಚ್‌ಟಿ ಉಗುಳುವುದಿಲ್ಲ. ಮೃಗಶಿರ, ಆರಿದ್ರಾ ಮಳೆಯಲ್ಲಿ ಮೇಲಿನ ಒಂದೆರಡು ಇಂಚು ಮಾತ್ರ ನೆನೆದು ಬೆಣ್ಣೆಯಾಗಿ, ಕೆಳಗೆ ನೆಲ ಇನ್ನೂ ಗಟ್ಟಿ ಇರುವಾಗಲೂ ಹತ್ತಿಪ್ಪತ್ತು ಮಾರು ಹೋಗುವಷ್ಟರಲ್ಲಿ ಗೀರು ತುಂಬಿ, ದಾರಿ ಯಾವ ಕಡೆ ವಾಲಿದೆಯೋ ಆ ಕಡೆ ಹಿಂಭಾಗ ಜಾರಿತು. ಎಟಿ ಇದೇ ನೆಲದಲ್ಲಿ ಹೋಯಿತು. ನಡುವಿನ ಬ್ಲಾಕುಗಳು ಅದರಲ್ಲೂ ತುಂಬಿಕೊಂಡವು, ಕೆಲಸ ಮಾಡಿದ್ದು ಭುಜದ ಹಲ್ಲು. ಸ್ಟೇರಿಂಗನ್ನು ಎಡ ಬಲಕ್ಕೆ ಸಣ್ಣಗೆ ಆಡಿಸುತ್ತ ಹೋದರೆ ಆ ಹಲ್ಲುಗಳು ಜಾಡಿನ ಗೋಡೆಯನ್ನು ಕಚ್ಚುತ್ತವೆ. ಎರಡನೇ ಗೇರು, ಒಂದೇ ಸಮನೆ ಆಕ್ಸಿಲರೇಟರ್, ನಡುವೆ ನಿಲ್ಲಿಸಬಾರದು. ಈ ಹಂತದಲ್ಲಿ ಗಾಳಿ ಇಳಿಸುವುದೂ ಬೇಡ. ಬಿಗಿ ಗಾಳಿಯ ಕಿರಿದಾದ ಟೈರು ಬೆಣ್ಣೆಯನ್ನು ಕತ್ತರಿಸಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಅಗಲ ಟೈರು ಮೇಲೇ ತೇಲುತ್ತದೆ.

ಹಸ್ತ, ಚಿತ್ತಾ ಮಳೆ ಹಿಡಿದ ಮೇಲೆ ಲೆಕ್ಕ ತಿರುಗುಮುರುಗು. ಆಗ ಕೆಳಗೆ ಗಟ್ಟಿ ಎಂಬುದೇ ಇರುವುದಿಲ್ಲ. 32ರಲ್ಲಿ ಎಟಿ ಹೂತಿತು. 20ರಿಂದ 22 ಪಿಎಸ್‌ಐಗೆ ಇಳಿಸಿ, ಗಾಲಿ ಕಮಾನಿನೊಳಗೆ ಮೆತ್ತಿದ್ದ ಮಣ್ಣನ್ನು ಕುಡುಗೋಲಿನಲ್ಲಿ ಕೆರೆದು, ಹಿಂದಿನ ಗಾಲಿಗಳಿಗೆ ಮೆಕ್ಕೆಜೋಳದ ದಂಟು ಅಡ್ಡಡ್ಡ ಹಾಕಿದ ಮೇಲೆ ಎದ್ದಿತು. ದಂಟನ್ನು ಉದ್ದಕ್ಕೆ ಹಾಕಿದರೆ ಗಾಲಿ ಅದನ್ನು ಹಿಂದಕ್ಕೆ ಎಸೆಯುತ್ತದೆ, ಅಷ್ಟೇ. ಗೋಣಿಚೀಲವಾದರೆ ಎರಡು ಮಡಿಕೆ ಮಾಡಿ ಗಾಲಿಯ ಕೆಳಕ್ಕೆ ತುರುಕಬೇಕು, ಹಿಂದೆ ಯಾರೂ ನಿಲ್ಲಬಾರದು.

ಎಂಟಿ ಮಣ್ಣನ್ನು ಚೆನ್ನಾಗಿ ಉಗುಳುತ್ತದೆ, ನಿಜ. ಆದರೆ ಗಾಲಿ ಜೋರಾಗಿ ತಿರುಗಿದಾಗ ಮಾತ್ರ. ನಿಧಾನಕ್ಕೆ ತೆವಳುವಾಗ ಅದರ ಸಂದಿಯೂ ತುಂಬುತ್ತದೆ. ಜೋರು ಮಾಡಿದರೆ ಎರಡು ಗಾಲಿ ಎಳೆತದ ಗಾಡಿಯಲ್ಲಿ ಹಗುರಾದ ಒಂದು ಗಾಲಿ ಸುತ್ತುತ್ತ ನಿಂತಲ್ಲೇ ಬಾವಿ ತೋಡುತ್ತದೆ. ಆ ಹಲ್ಲು ಸಲಿಕೆ ಇದ್ದ ಹಾಗೆ. ನೋಡನೋಡುತ್ತಿದ್ದಂತೆ ಹಿಂದಿನ ಆಕ್ಸಲ್ಲಿನ ಗುಂಡು ನೆಲಕ್ಕೆ ಕೂತು ಟ್ರ್ಯಾಕ್ಟರಿಗೆ ಫೋನು ಮಾಡಬೇಕಾಗುತ್ತದೆ. ನಾಲ್ಕು ಗಾಲಿ ಎಳೆತವಿಲ್ಲದ ಗಾಡಿಗೆ ಎಂಟಿ ದುಡ್ಡು ದಂಡ ಎಂಬುದು ನಮ್ಮ ತೀರ್ಮಾನ. ನೋಡೋಕೆ ಚೆನ್ನ ಅನ್ನುವವರ ಜೊತೆ ವಾದವಿಲ್ಲ.

ಈಗ ಡಾಂಬರು. ಇಲ್ಲಿ ಸಾಲು ತಲೆಕೆಳಗು. ಒದ್ದೆ ಹೆದ್ದಾರಿಯಲ್ಲಿ ಬ್ರೇಕಿಗೆ ಎಚ್‌ಟಿ ಮೊದಲು, ಸ್ವಲ್ಪ ಹಿಂದೆ ಎಟಿ, ಬಹಳ ಹಿಂದೆ ಎಂಟಿ. ಎಂಟಿಯಲ್ಲಿ ಸಂದಿ ಜಾಸ್ತಿ ಆದ್ದರಿಂದ ನೆಲಕ್ಕೆ ತಾಗುವ ರಬ್ಬರು ಕಡಿಮೆ, ನೀರಿನ ಪದರ ಒರೆಸುವ ಸಣ್ಣ ಸೀಳುಗಳೂ ಕಡಿಮೆ. ತಿರುವಿನಲ್ಲಿ ಎತ್ತರದ ಹಲ್ಲುಗಳು ಬಾಗುವುದರಿಂದ ಸ್ಟೇರಿಂಗ್ ತಿರುಗಿಸಿದ ಅರೆಕ್ಷಣದ ಮೇಲೆ ಗಾಡಿ ತಿರುಗುತ್ತದೆ.

ನೀರಿನ ಮೇಲೆ ಟೈರು ತೇಲುವ ವೇಗಕ್ಕೆ ಒಂದು ಹಳೆಯ ಅಂದಾಜು ಸೂತ್ರವಿದೆ, ವಿಮಾನದ ಟೈರುಗಳ ಪರೀಕ್ಷೆಯಿಂದ ಬಂದದ್ದು. ಗಾಳಿಯ ಒತ್ತಡದ ವರ್ಗಮೂಲವನ್ನು 16.7ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬರುತ್ತದೆ. 32 ಪಿಎಸ್‌ಐಗೆ ಸುಮಾರು 94, 22ಕ್ಕೆ ಸುಮಾರು 78. ಕಾರಿನ ಟೈರಿಗೆ ಇದು ಕರಾರುವಾಕ್ಕಲ್ಲ, ಗೀರು ಸವೆದಿದ್ದರೆ ಇನ್ನೂ ಮೊದಲೇ ತೇಲಬಹುದು. ಆದರೂ ಹೊಲದಲ್ಲಿ ಗಾಳಿ ಇಳಿಸಿದವರು ಹಾಗೆಯೇ ಹೆದ್ದಾರಿ ಹತ್ತಬಾರದು ಎನ್ನುವುದಕ್ಕೆ ಈ ಎರಡು ಅಂಕಿ ಸಾಕು. 12 ವೋಲ್ಟಿನ ಸಣ್ಣ ಪಂಪು ಗಾಡಿಯಲ್ಲೇ ಇರಲಿ. ಗಾಳಿ ತುಂಬುವವರೆಗೆ ಗಂಟೆಗೆ 30 ಕಿಲೋಮೀಟರ್ ದಾಟಬೇಡಿ, ಕಡಿಮೆ ಗಾಳಿಯಲ್ಲಿ ಗಕ್ಕನೆ ತಿರುಗಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚುತ್ತದೆ.

ಕಾನೂನಿನ ಪ್ರಕಾರ ಕಾರಿನ ಟೈರಿಗೆ ಕನಿಷ್ಠ 1.6 ಮಿಲಿಮೀಟರ್ ಗೀರು ಇದ್ದರೆ ಸಾಕು. ಮಳೆಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದ ಎಚ್‌ಟಿಗಿಂತ ಹೊಸ ಎಟಿ ಒದ್ದೆ ಡಾಂಬರಿನಲ್ಲೂ ನಂಬಿಕಸ್ತ. ಜಾತಿಗಿಂತ ಗೀರಿನ ಆಳ ದೊಡ್ಡದು. ಎರಡೇ ಹೊಸ ಟೈರಿಗೆ ದುಡ್ಡಿದ್ದರೆ ಅವು ಹಿಂದಕ್ಕೆ ಹೋಗಲಿ. ಬೊಲೆರೊದಲ್ಲಿ ಎಳೆತವೂ ಹಿಂದೆಯೇ ಇರುವುದರಿಂದ ಗೊಂದಲವಿಲ್ಲ. ಮುಂದಿನ ಗಾಲಿ ಎಳೆಯುವ ಕಾರಿನಲ್ಲೂ ಹಿಂದಕ್ಕೇ ಹಾಕಿಸಿ: ಮುಂದು ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸುಧಾರಿಸಬಹುದು, ಹಿಂದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ.

ರಸ್ತೆಗೆ ಹರವಿದ ಮೆಕ್ಕೆಜೋಳದ ಮೇಲೆ ಮೂರೂ ಟೈರು ಒಂದೇ. ಕಾಳು ಗೋಲಿಯಂತೆ ಉರುಳುತ್ತವೆ, ಬ್ರೇಕು ಒತ್ತುವ ಕೆಲಸ ಕಾಳು ಬರುವ ಮೊದಲೇ ಮುಗಿದಿರಬೇಕು. ಗದ್ದೆಯಿಂದ ಬಂದ ಟ್ರ್ಯಾಕ್ಟರು ಡಾಂಬರಿಗೆ ಬಳಿದುಹೋದ ತೆಳು ರಾಡಿಯ ಮೇಲೆ ಎಟಿಗೆ ಚೂರು ಮೇಲುಗೈ, ನಂಬಿ ಕೂರುವಷ್ಟಲ್ಲ.

ಗರಸಿನ ಏರಿ, ಹಿರಿಯೂರು ಕಡೆಯ ಕೆಂಪು ಮಸಾರಿ ನೆಲ ನೀರನ್ನು ಬೇಗ ಇಂಗಿಸುತ್ತವೆ, ಎಚ್‌ಟಿಯೇ ಸಾಕು. ಜೋಗಿಮಟ್ಟಿ ಕಡೆಯಂಥ ಕಲ್ಲು ದಾರಿಯಲ್ಲಿ ಎಟಿ ಮೇಲು. ಚಳ್ಳಕೆರೆ ಕಡೆ ಓಡಾಡುವವರಿಗೆ ಇನ್ನೊಂದು ಲಾಭ, ಬಳ್ಳಾರಿ ಜಾಲಿ ಮುಳ್ಳು. ಎಟಿಯ ದಪ್ಪ ಬ್ಲಾಕಿನಲ್ಲಿ ಎಷ್ಟೋ ಮುಳ್ಳು ಒಳಪದರ ಮುಟ್ಟದೆ ಅರ್ಧಕ್ಕೆ ಮುರಿದು ನಿಲ್ಲುತ್ತದೆ. ಟ್ಯೂಬ್‌ಲೆಸ್ಸಿಗೆ ಮುಳ್ಳು ಚುಚ್ಚಿದ್ದು ತಕ್ಷಣ ಗೊತ್ತಾಗುವುದಿಲ್ಲ, ಬೆಳಿಗ್ಗೆ ನಾಲ್ಕೈದು ಪಿಎಸ್‌ಐ ಇಳಿದಿದ್ದರೆ ಸೋಪಿನ ನೀರು ಹಚ್ಚಿ ನೋಡಿ.

ಎಟಿಗೆ ಕೊಡಬೇಕಾದ ಬೆಲೆ: ಎಪ್ಪತ್ತರ ಮೇಲೆ ಸಣ್ಣ ಗುಂಯ್ ಸದ್ದು, ಮೈಲೇಜಿನಲ್ಲಿ ಲೀಟರಿಗೆ ಸುಮಾರು ಅರ್ಧ ಕಿಲೋಮೀಟರ್ ಕಡಿತ. ಎಂಟಿಯ ಸದ್ದಿನಲ್ಲಿ ಚಿತ್ರದುರ್ಗದವರೆಗೆ ಮಾತಾಡಿಕೊಂಡು ಹೋಗುವುದೇ ಕಷ್ಟ.

ಅಂಗಡಿಯವರು 235/75 ಆರ್15 ಕೂರಿಸುತ್ತೇವೆ ಅಂದರೆ ಯೋಚಿಸಿ. ನೆಲದಿಂದ 15 ಮಿಲಿಮೀಟರ್ ಎತ್ತರ ಸಿಗುತ್ತದೆ. ಆದರೆ ಸುತ್ತಳತೆ ಶೇಕಡಾ 4ಕ್ಕಿಂತ ಹೆಚ್ಚಾಗಿ, ಮೀಟರು 80 ತೋರಿಸುವಾಗ ಗಾಡಿ 83ರ ಮೇಲಿರುತ್ತದೆ. ಎಳೆತವೂ ಅಷ್ಟೇ ಕುಗ್ಗುತ್ತದೆ. ಮುಖ್ಯವಾಗಿ ಗಾಲಿ ಕಮಾನಿನ ಸಂದು ಕಿರಿದಾಗಿ ಎರೆ ಬೇಗ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಯಾವುದೇ ಅಳತೆ ಕೊಳ್ಳಿ, ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿ: 2324 ಅಂದರೆ 2024ರ 23ನೇ ವಾರದ ಸರಕು.

ತಿಂಗಳಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಎರೆ ಹೊಲಕ್ಕೆ ಇಳಿಯುವವರು ಎಟಿ ತೆಗೆದುಕೊಳ್ಳಲಿ. ಉಳಿದವರು ಒಳ್ಳೆಯ ಎಚ್‌ಟಿ ಹಾಕಿಸಿ, ಮಳೆ ನಿಂತು ಒಂದು ದಿನ ಬಿಸಿಲು ಬಿದ್ದ ಮೇಲೆ ಹೊಲಕ್ಕೆ ಹೋಗಲಿ. ಆ ಒಂದು ದಿನ ಮಾಡುವ ಕೆಲಸವನ್ನು ಯಾವ ಟೈರೂ ಮಾಡುವುದಿಲ್ಲ.

ಹೊಲದಿಂದ ಬಂದ ಮಾರನೇ ದಿನ 70–80ರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ನೇರ ಅಲೈನ್‌ಮೆಂಟಿಗೆ ಓಡಬೇಡಿ. ರಿಮ್ಮಿನ ಒಳಮೈಗೆ ಒಂದೇ ಕಡೆ ಮೆತ್ತಿ ಒಣಗಿದ ಎರೆ ಇಟ್ಟಿಗೆಯಷ್ಟು ಗಟ್ಟಿಯಾಗಿ ಕೂತಿರುತ್ತದೆ, ಗಾಲಿಯ ತೂಕ ಏರುಪೇರಾಗುವುದು ಅದರಿಂದಲೇ. ಹೊರಗಿನಿಂದ ನೀರು ಹೊಡೆದರೆ ಅದು ಬರುವುದಿಲ್ಲ. ಗಾಡಿಯ ಕೆಳಗೆ ಪೈಪು ತೂರಿಸಿ ಒಳಗಡೆಯಿಂದ ನೆನೆಸಿ, ಕಾಲು ಗಂಟೆ ಬಿಟ್ಟು, ಮರದ ಚಕ್ಕೆಯಲ್ಲಿ ಕೆರೆದು ತೆಗೆಯಬೇಕು. ಬ್ಯಾಲೆನ್ಸಿಂಗ್ ಮಾಡಿಸುವುದಿದ್ದರೂ ಇದಾದ ಮೇಲೆ, ಇಲ್ಲದಿದ್ದರೆ ಮಣ್ಣಿನ ತೂಕಕ್ಕೂ ಸೀಸ ಅಂಟಿಸಿ ಕಳಿಸುತ್ತಾರೆ.