ವ್ಯಾನಿಗೆ ಯಾವ ನೀರಿನ ಟ್ಯಾಂಕ್: ಎತ್ತರದ್ದೋ, ಚಪ್ಪಟೆಯದ್ದೋ?

ನೀರನ್ನು ರಭಸದಿಂದ ಚಿಮ್ಮಿಸಿ ತೊಳೆಯುವ ಯಂತ್ರವನ್ನು (ಪ್ರೆಶರ್ ವಾಷರ್) ವ್ಯಾನಿನಲ್ಲಿ ಒಯ್ಯುವವರಿಗೆ ಇದು. ಮೊದಲು ತೂಕ. 400 ಲೀಟರ್ ನೀರೆಂದರೆ 400 ಕಿಲೋ. ಟ್ಯಾಂಕ್, ವಾಷರ್, ಪೈಪು, ಚಾಲಕ ಬೇರೆ. ಎಲ್ಲವೂ ವ್ಯಾನಿನ ಲೋಡ್ ಮಿತಿಯೊಳಗೇ ಇರಬೇಕು. ನಿಮಿಷಕ್ಕೆ 12 ಲೀಟರ್ ಎಳೆಯುವ ವಾಷರ್‌ಗೆ ಅಷ್ಟು ನೀರು ಸುಮಾರು 33 ನಿಮಿಷ ಸಾಕು.

ಎತ್ತರದ ಟ್ಯಾಂಕ್ ಕಡಿಮೆ ಜಾಗ ಹಿಡಿಯುತ್ತದೆ, ಪಂಪಿಗೆ ನೀರು ಸಲೀಸಾಗಿ ಇಳಿಯುತ್ತದೆ. ಆದರೆ ಭಾರ ಮೇಲಿರುವುದರಿಂದ ತಿರುವಿನಲ್ಲಿ ವ್ಯಾನ್ ವಾಲುತ್ತದೆ. ಚಪ್ಪಟೆ ಟ್ಯಾಂಕ್ ನೆಲದ ಜಾಗ ತಿನ್ನುತ್ತದೆ, ಭಾರ ಮಾತ್ರ ಕೆಳಗೇ ಉಳಿಯುತ್ತದೆ. ಅದರ ಇನ್ನೊಂದು ದೋಷ: ಇಳಿಜಾರಿನಲ್ಲಿ ನಿಲ್ಲಿಸಿದರೆ ಕೊನೆಯ ನೀರು ಮೂಲೆಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಸೀಲುಗಳು ಹಾಳಾಗುತ್ತವೆ. ತಳದಲ್ಲಿ ತಗ್ಗು ಮಾಡಿ ಅಲ್ಲೇ ನಲ್ಲಿ ಕೊಟ್ಟಿರುವುದನ್ನು ಹುಡುಕಿ.

ನಮ್ಮ ಆಯ್ಕೆ ಚಪ್ಪಟೆಯದ್ದೇ, ಒಳಗೆ ಬ್ಯಾಫಲ್ (ನೀರಿನ ಓಲಾಟ ತಡೆಯುವ ಅಡ್ಡಗೋಡೆ) ಇದ್ದರೆ ಮಾತ್ರ. ಬ್ಯಾಫಲ್ ಇಲ್ಲದ ಅರೆತುಂಬಿದ ಟ್ಯಾಂಕಿನಲ್ಲಿ ಬ್ರೇಕ್ ಒತ್ತಿದೊಡನೆ ನೀರು ಮುಂದಕ್ಕೆ ನುಗ್ಗಿ ವ್ಯಾನನ್ನು ತಳ್ಳುತ್ತದೆ.

ಯಾವುದೇ ಆದರೂ ಮುಂದಿನ, ಹಿಂದಿನ ಚಕ್ರಗಳ ನಡುವೆಯೇ ಕೂರಿಸಿ. ಬರೀ ಬೆಲ್ಟ್ ನಂಬಬೇಡಿ: ಉಕ್ಕಿನ ಚೌಕಟ್ಟು ಮಾಡಿಸಿ ಚಾಸಿಗೆ ಬೋಲ್ಟ್ ಹಾಕಿ, ನೆಲದ ತಗಡಿಗಷ್ಟೇ ಬಿಗಿದರೆ ಕಿತ್ತು ಬರುತ್ತದೆ. ಮುಚ್ಚಳದಲ್ಲಿ ಗಾಳಿರಂಧ್ರ ಇರಲಿ; ಇಲ್ಲದಿದ್ದರೆ ಪಂಪ್ ಎಳೆದಂತೆ ಟ್ಯಾಂಕ್ ಒಳಕ್ಕೆ ಕುಗ್ಗುತ್ತದೆ.